ಮನೆ ಮಾರಿದ ಮೇಲೆ ವಿಳಾಸ ಯಾವುದು?

ಮಾನ್ಯರೇ,

ನಿವೃತ್ತಿಯ ನಂತರ ಧಾರವಾಡದ ಮನೆ ಮಾರಿ, ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮೋಟಾರ್ ಕ್ಯಾರವಾನ್ ಕೊಂಡು ಪತ್ನಿಯೊಡನೆ ದೇಶ ಸುತ್ತುತ್ತಿರುವುದಾಗಿಯೂ, ಬ್ಯಾಂಕಿನವರು ಕೆವೈಸಿ ನವೀಕರಣಕ್ಕೆ ಈಗಿನ ವಿಳಾಸ ಕೇಳಿದಾಗ ಏನು ಬರೆಯಬೇಕೆಂದು ತಿಳಿಯದೆ ಹಿಂತಿರುಗಿದ್ದಾಗಿಯೂ ತಾವು ಬರೆದಿದ್ದೀರಿ. ಮೈಸೂರಿನಲ್ಲಿರುವ ಮಗಳ ಮನೆಯ ವಿಳಾಸ ಕೊಡಬಹುದೇ, ಮಧ್ಯವರ್ತಿಯೊಬ್ಬರು ಮಾಡಿಸಿಕೊಡುತ್ತೇನೆಂದಿರುವ ಬಾಡಿಗೆ ಕರಾರು ನಡೆದೀತೇ, ಧಾರವಾಡದ ಹಳೆಯ ವಿಳಾಸದಲ್ಲೇ ಮತ ಹಾಕುತ್ತಿದ್ದರೆ ತಪ್ಪೇನು, ಅಮೆರಿಕದಲ್ಲಿ ಒಂದು ರಾತ್ರಿ ತಂಗಿದ ರಸೀದಿಯಿಂದಲೇ ಒಂದು ರಾಜ್ಯದ ನಿವಾಸಿಯಾಗಬಹುದಂತೆ, ಅಂಥದ್ದು ನಮ್ಮಲ್ಲೇಕಿಲ್ಲ ಎಂಬುದು ತಮ್ಮ ಪ್ರಶ್ನೆಗಳು.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ತಾವು ಕೇಳಿರುವುದು ಸೌತ್ ಡಕೋಟ ರಾಜ್ಯದ ಸಂಗತಿ. ವರ್ಷವಿಡೀ ವಾಹನದಲ್ಲೇ ವಾಸಿಸುವವರು ಅಲ್ಲಿ, ಅಂಚೆ ಸ್ವೀಕರಿಸಿ ಮುಂದಕ್ಕೆ ಕಳಿಸುವ ಖಾಸಗಿ ಸಂಸ್ಥೆಯೊಂದರ ವಿಳಾಸ ಪಡೆದು, ರಾಜ್ಯದೊಳಗೆ ಒಂದು ರಾತ್ರಿ ತಂಗಿದ ರಸೀದಿ ತೋರಿಸಿ ಚಾಲನಾ ಪರವಾನಗಿ ಮಾಡಿಸಿಕೊಳ್ಳುವ ಪದ್ಧತಿ ಇದೆ. ಸೌತ್ ಡಕೋಟ, ಟೆಕ್ಸಾಸ್, ಫ್ಲಾರಿಡಗಳು ವೈಯಕ್ತಿಕ ಆದಾಯದ ಮೇಲೆ ರಾಜ್ಯ ತೆರಿಗೆ ಹಾಕುವುದಿಲ್ಲವಾದ್ದರಿಂದ ಜನ ಆ ಮೂರನ್ನೇ ಹುಡುಕಿಕೊಂಡು ಹೋಗುತ್ತಾರೆ. ಆದಾಯ ತೆರಿಗೆಯನ್ನು ಕೇಂದ್ರವೇ ವಿಧಿಸುವ ನಮ್ಮಲ್ಲಿ ಪಿಂಚಣಿದಾರರಿಗೆ ಆ ಲಾಭವಿಲ್ಲ. ಸೌತ್ ಡಕೋಟ ಕೂಡ 2023ರಲ್ಲಿ ಮತದಾರರ ನೋಂದಣಿಗೆ 30 ದಿನಗಳ ವಾಸ ಬೇಕೆಂದು ಬಿಗಿ ಮಾಡಿತು.

ನಮ್ಮಲ್ಲಿ ಒಂದೊಂದು ಕಾಯ್ದೆಯೂ ವಿಳಾಸವನ್ನು ತನ್ನದೇ ಕಾರಣಕ್ಕೆ ಕೇಳುತ್ತದೆ. ಮತದ ವಿಷಯವನ್ನೇ ನೋಡಿ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಪ್ರಕರಣದ ಪ್ರಕಾರ, ಒಂದು ಕ್ಷೇತ್ರದಲ್ಲಿ ಸ್ವಂತ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿ ಸಾಮಾನ್ಯವಾಗಿ ವಾಸಿಸುವವರು ಎನಿಸುವುದಿಲ್ಲ. ಹಾಗೆಯೇ, ವಾಸಸ್ಥಳದಿಂದ ತಾತ್ಕಾಲಿಕವಾಗಿ ದೂರವಿದ್ದ ಮಾತ್ರಕ್ಕೆ ಯಾರೂ ಆ ವಾಸವನ್ನು ಕಳೆದುಕೊಳ್ಳುವುದೂ ಇಲ್ಲ. ಈ ಎರಡನೆಯ ಮಾತು ಸುತ್ತಾಟದ ಬದುಕಿಗೆ ದೊಡ್ಡ ಆಸರೆ, ಆದರೆ ಮರಳಿ ಬರಲು ಒಂದು ಜಾಗ ಉಳಿದಿದ್ದರೆ ಮಾತ್ರ. ತಾವು ಮನೆ ಮಾರಿದ್ದೀರಿ, ಬೇರೆಯವರು ಅಲ್ಲಿ ಸಂಸಾರ ಹೂಡಿದ್ದಾರೆ. ಧಾರವಾಡದಿಂದ ತಾವು ದೂರವಿರುವುದನ್ನು ತಾತ್ಕಾಲಿಕ ಎನ್ನಲು ಈಗ ಆಧಾರವಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿ ಮನೆಗೆ ಬಂದು ವಿಚಾರಿಸಿದಾಗ ಹೊಸ ಮಾಲೀಕರು ಇದ್ದದ್ದನ್ನೇ ಹೇಳುತ್ತಾರೆ, ಹೆಸರು ತೆಗೆಯುವ ಪ್ರಕ್ರಿಯೆ ಆರಂಭವಾಗುತ್ತದೆ, ಅದರ ನೋಟಿಸು ಅದೇ ಹಳೆಯ ಬಾಗಿಲಿಗೆ ಹೋಗುತ್ತದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಮೃತರ ಜೊತೆಗೆ, ಊರು ಬಿಟ್ಟವರು ಮತ್ತು ವಿಳಾಸದಲ್ಲಿ ಸಿಗದವರು ಎಂದು ಗುರುತಿಸಿದವರ ಹೆಸರುಗಳೂ ಅದರಲ್ಲಿದ್ದವು. ಆದ್ದರಿಂದ ನಮೂನೆ 8ರ ಮೂಲಕ ಹೆಸರನ್ನು ಹೊಸ ವಿಳಾಸಕ್ಕೆ ವರ್ಗಾಯಿಸಿಕೊಳ್ಳುವುದೇ ದಾರಿ. ನಮೂನೆ 6 ಹೊಸ ಮತದಾರರದ್ದು, ಅದನ್ನು ತುಂಬಲು ಹೋಗಬೇಡಿ: ಎರಡು ಕಡೆ ಹೆಸರಿರುವುದನ್ನು ಕಾಯ್ದೆ ಒಪ್ಪುವುದಿಲ್ಲ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಹಾಗಾದರೆ ಮಗಳ ಮನೆ? ಧಾರಾಳವಾಗಿ ಕೊಡಬಹುದು, ಆದರೆ ಅದು ಕಾಗದದ ಮೇಲಿನ ಆಸರೆಯಷ್ಟೇ ಆಗಿರಬಾರದು. ಅಲ್ಲಿ ತಮಗೊಂದು ಕೋಣೆ ಇರಲಿ, ತಮ್ಮ ಕಾಗದಪತ್ರ ಮತ್ತು ಉಳಿದ ಸಾಮಾನು ಅಲ್ಲಿರಲಿ, ಮಳೆಗಾಲದಲ್ಲೋ ಹಬ್ಬದಲ್ಲೋ ಅಲ್ಲಿಗೇ ಬಂದು ಇರಿ. ಆಗ ಆ ವಿಳಾಸ ನಿಜದ್ದಾಗುತ್ತದೆ. ಅಳಿಯಂದಿರ ಒಪ್ಪಿಗೆಯನ್ನೂ ಮುಂಚೆಯೇ ಕೇಳಿಕೊಳ್ಳುವುದು ಲೇಸು, ಏಕೆಂದರೆ ತಮ್ಮ ಹೆಸರಿನ ಟಪಾಲು ಮಾತ್ರವಲ್ಲ, ತಮ್ಮ ಹೆಸರು ಹಿಡಿದು ವಿಚಾರಿಸುವವರೂ ಅವರ ಬಾಗಿಲಿಗೇ ಬರುತ್ತಾರೆ. ಆಧಾರ್‌ನಲ್ಲಿ ಇದಕ್ಕೆ ಸರಿಯಾದ ದಾರಿಯೇ ಇದೆ. ತಮ್ಮ ಹೆಸರಿನಲ್ಲಿ ವಿಳಾಸದ ದಾಖಲೆ ಇಲ್ಲದಿದ್ದರೆ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ವಿಳಾಸ ಬದಲಿಸುವ ಸೌಲಭ್ಯವನ್ನು 2023ರಲ್ಲಿ ಆನ್‌ಲೈನಿಗೂ ತಂದಿದ್ದಾರೆ. ಹದಿನೆಂಟು ತುಂಬಿದ ಮಗಳು ಇಲ್ಲಿ ಮುಖ್ಯಸ್ಥೆಯಾಗಬಹುದು. ತಾವು ಸಂಬಂಧ ತೋರಿಸುವ ದಾಖಲೆಯೊಡನೆ ಅರ್ಜಿ ಹಾಕಿದ ಮೇಲೆ 30 ದಿನಗಳೊಳಗೆ ಆಕೆ ತನ್ನ ಆಧಾರ್ ಖಾತೆಯಿಂದ ಒಪ್ಪಿಗೆ ಕೊಡಬೇಕು. ಅಂದಹಾಗೆ, ಆಧಾರ್ ಕಾಯ್ದೆಯ 9ನೇ ಪ್ರಕರಣವು ಆ ಸಂಖ್ಯೆ ತನ್ನಷ್ಟಕ್ಕೇ ಪೌರತ್ವಕ್ಕಾಗಲಿ ಕಾಯಂ ನೆಲೆಗಾಗಲಿ ಪುರಾವೆಯಲ್ಲ ಎಂದು ಸ್ಪಷ್ಟವಾಗಿ ಹೇಳಿದರೂ, ದಿನಬಳಕೆಯಲ್ಲಿ ಎಲ್ಲ ಕೌಂಟರುಗಳಲ್ಲೂ ಅದನ್ನೇ ಕೇಳುತ್ತಾರೆಂಬುದು ತಮಗೂ ಗೊತ್ತಿದೆ. ಅದಕ್ಕೇ ಆರಂಭ ಅಲ್ಲಿಂದಲೇ ಆಗಲಿ. ಅದು ಬದಲಾದರೆ ಬ್ಯಾಂಕಿನ ಕೆಲಸ ಹೆಚ್ಚು ಹೊತ್ತಿನದಲ್ಲ.

ವಾಹನದ ವಿಷಯದಲ್ಲಿ ಉದಾಸೀನ ಬೇಡ. ಮೋಟಾರು ವಾಹನ ಕಾಯ್ದೆಯ 49ನೇ ಪ್ರಕರಣದಂತೆ ಮಾಲೀಕರ ವಾಸ ಬದಲಾದರೆ 30 ದಿನಗಳೊಳಗೆ ತಿಳಿಸಬೇಕು. ಧಾರವಾಡದಿಂದ ಮೈಸೂರಿಗೆ ಬಂದರೂ ರಾಜ್ಯ ಒಂದೇ ಆದ್ದರಿಂದ ತಮ್ಮ ಕೆಎ 25 ಫಲಕ ಹಾಗೆಯೇ ಉಳಿಯುತ್ತದೆ, ಆರ್‌ಸಿಯಲ್ಲಿ ವಿಳಾಸ ಮಾತ್ರ ಬದಲಾಗುತ್ತದೆ. ಕ್ಯಾರವಾನನ್ನು ಬೇರೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇರಿಸಿಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕಾಗುತ್ತದೆ; ತಾವು ಹೇಳಿದಂತೆ ಒಂದೊಂದು ರಾಜ್ಯದಲ್ಲಿ ಒಂದೆರಡು ತಿಂಗಳು ಕಳೆದು ಮುಂದೆ ಸಾಗುವುದಾದರೆ ಆ ಪ್ರಶ್ನೆ ಏಳುವುದಿಲ್ಲ. ರಾಜ್ಯ ಬದಲಾದರೂ ಹೊಸ ನೋಂದಣಿ ಬೇಡದ, 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ಸಂಖ್ಯೆಯ ಆಸೆಯನ್ನು ಬಿಟ್ಟುಬಿಡಿ. ಅದು ಸೇವೆಯಲ್ಲಿರುವ ಸರ್ಕಾರಿ, ರಕ್ಷಣಾ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ಉದ್ಯೋಗಿಗಳಿಗೆ ಮಾಡಿದ್ದು.

ಈಗ ಮಧ್ಯವರ್ತಿಯ ಬಾಡಿಗೆ ಕರಾರು. ತಾವು ಕಾಲಿಡದ ಮನೆಗೆ ಬಾಡಿಗೆದಾರರೆಂದು ಬರೆಸುವ ಹನ್ನೊಂದು ತಿಂಗಳ ಆ ಕಾಗದವನ್ನು ದಯವಿಟ್ಟು ಮುಟ್ಟಬೇಡಿ. ತೆರಿಗೆ ಉಳಿಸಲೆಂದು ಇಲ್ಲದ ವಾಸದ ವಿಳಾಸ ತೋರಿಸಿ ಪುದುಚೇರಿಯಲ್ಲಿ ಐಷಾರಾಮಿ ಕಾರುಗಳನ್ನು ನೋಂದಾಯಿಸಿದ ಪ್ರಕರಣಗಳು ಕೇರಳದಲ್ಲಿ ಪೊಲೀಸು, ನ್ಯಾಯಾಲಯಗಳವರೆಗೆ ಹೋದುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆಯುವುದಂತೂ ಎರಡು ವರ್ಷದವರೆಗೆ ಶಿಕ್ಷೆಯಾಗಬಲ್ಲ ಅಪರಾಧ. ಮಗಳ ಮನೆ ಬೇಡವೆನಿಸಿದರೆ, ಧಾರವಾಡದ ನಂಟು ಬಿಡಲಾರಿರಾದರೆ, ಅಲ್ಲೇ ನಿಜವಾದ ಸಣ್ಣ ಕೋಣೆಯೊಂದನ್ನು ನಿಜವಾದ ಬಾಡಿಗೆಗೆ ಹಿಡಿಯಿರಿ. ಖರ್ಚು ಹೆಚ್ಚಾದರೂ ಮತ ತಮ್ಮ ಊರಿನಲ್ಲೇ ಉಳಿಯುತ್ತದೆ.

ತಮ್ಮ ಪತ್ರದಲ್ಲಿ ಕೇಳದೇ ಇದ್ದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿಯೊಂದಿದೆ. ಸರಿಯಾದ ವಿಳಾಸ ಬರೆದು, ಅಂಚೆ ಶುಲ್ಕ ತೆತ್ತು, ನೋಂದಾಯಿತ ಅಂಚೆಯಲ್ಲಿ ಕಳಿಸಿದ ಕಾಗದವು, ತದ್ವಿರುದ್ಧವಾಗಿ ಸಾಬೀತಾಗದ ಹೊರತು, ತಲುಪಿತೆಂದೇ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಪ್ರಕರಣ ಭಾವಿಸುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಸಮನ್ಸನ್ನು ಜೊತೆಗೆ ವಾಸಿಸುವ ವಯಸ್ಕ ಕುಟುಂಬದವರ ಕೈಗೆ ಕೊಡಬಹುದು, ಕೆಲವು ಸಂದರ್ಭಗಳಲ್ಲಿ ಮನೆಬಾಗಿಲಿಗೆ ಅಂಟಿಸಲೂಬಹುದು. ಮನೆ ಮಾರಿದ ವ್ಯವಹಾರಕ್ಕೆ ಸಂಬಂಧಿಸಿದ ತಕರಾರೋ, ತೆರಿಗೆ ನೋಟಿಸೋ, ಅಪಘಾತ ಪರಿಹಾರದ ದಾವೆಯೋ ಬಂದಾಗ ತಾವು ಲಡಾಖಿನಲ್ಲಿದ್ದಿರಿ ಎಂದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ. ಆದ್ದರಿಂದ ವಿಳಾಸ ಆರಿಸುವಾಗ ಅಲ್ಲಿ ಟಪಾಲು ಒಡೆದು, ಫೋಟೊ ತೆಗೆದು, ಅದೇ ದಿನ ತಮಗೆ ಕಳಿಸುವವರು ಯಾರೆಂಬುದನ್ನೇ ಮೊದಲು ನೋಡಬೇಕು. ಹಳೆಯ ಮನೆಯ ಹೊಸ ಮಾಲೀಕರಿಗೂ ಮೈಸೂರಿನ ವಿಳಾಸ ತಿಳಿಸಿ, ಅಂಚೆ ಕಚೇರಿಗೂ ಲಿಖಿತವಾಗಿ ತಿಳಿಸಿ.

ಕ್ಯಾರವಾನನ್ನೇ ವಾಸಸ್ಥಳವೆಂದು ತೋರಿಸಲು ಬರುವುದಿಲ್ಲವೇ ಎಂಬ ತಮ್ಮ ಟಿಪ್ಪಣಿಗೆ ಒಂದು ಮಾತು. ಮನೆಯಿಲ್ಲದವರು ಮತದಾರರಾಗಲು ಚುನಾವಣಾ ಆಯೋಗದ ನಿಯಮವೊಂದಿದೆ: ಅರ್ಜಿದಾರರು ಮಲಗುವುದಾಗಿ ಹೇಳಿದ ಜಾಗಕ್ಕೆ ಅಧಿಕಾರಿ ರಾತ್ರಿ ಹೋಗಿ, ಅವರು ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಂಡರೆ ವಿಳಾಸದ ದಾಖಲೆ ಬೇಕಿಲ್ಲ. ಅದು ಒಂದೇ ಜಾಗದಲ್ಲಿ ಮಲಗುವವರಿಗೆ ಒದಗುವ ನಿಯಮ, ರಾತ್ರಿಗೊಂದು ಜಿಲ್ಲೆಯಲ್ಲಿರುವ ತಮಗೆ ಒದಗದು. ನಮ್ಮ ಅಲೆಮಾರಿ ಸಮುದಾಯಗಳಾದ ಸುಡುಗಾಡು ಸಿದ್ಧರೂ ಬುಡ್ಗ ಜಂಗಮರೂ ತಲೆಮಾರುಗಳಿಂದ ಇದೇ ಪ್ರಶ್ನೆಯ ಮುಂದೆ ನಿಂತಿದ್ದಾರೆ, ಅವರ ಪಾಲಿಗೆ ಮೈಸೂರಿನಲ್ಲಿ ಮಗಳ ಮನೆಯಿರಲಿಲ್ಲ. ತಮಗೆ ಆಯ್ಕೆಯಿದೆ. ಆಧಾರ್ ಬದಲಾದೊಡನೆ ನಮೂನೆ 8, ಆರ್‌ಸಿ, ಬ್ಯಾಂಕು, ಪಿಂಚಣಿ, ವಿಮೆ ಎಲ್ಲದರಲ್ಲೂ ಅದೇ ವಿಳಾಸವನ್ನು, ಅಕ್ಷರವೂ ವ್ಯತ್ಯಾಸವಾಗದಂತೆ ಬರೆಸಿ. ಮುಂದಿನ ಬಾರಿ ಮೈಸೂರಿಗೆ ಬಂದಾಗ ಆ ಮತಗಟ್ಟೆಯ ಅಧಿಕಾರಿಯನ್ನು ಖುದ್ದಾಗಿ ಕಂಡು, ವರ್ಷದಲ್ಲಿ ಯಾವ ತಿಂಗಳು ಮನೆಯಲ್ಲಿರುತ್ತೀರೆಂದು ತಿಳಿಸಿ ಬನ್ನಿ.

ಸಂಪಾದಕ