ಒಂದು ಗಂಟೆ ಮುಂದಿರುವ ಗಡಿಯಾರ

ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದ ಸಲಹಾರ್ಥಿಯೊಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರನ್ನು ಸುಮಾ ಎಂದು ಕರೆಯೋಣ. ವಯಸ್ಸು 36, ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ರಾಜಾಜಿನಗರದಲ್ಲಿ ತಾಯಿಯೊಂದಿಗೆ ವಾಸ. ತಮ್ಮ ರಸ್ತೆಯ ಬೀದಿನಾಯಿಗಳಿಗೆ ಅನ್ನ ಹಾಕುವುದು, ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಅವರಿಗೆ ಹತ್ತು ವರ್ಷಗಳ ರೂಢಿ.

2021ರ ಫೆಬ್ರುವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ, ಅಲ್ಲಿ ಪ್ರಾಣಿಗಳ ಪರವಾಗಿ ದುಡಿಯುತ್ತಿದ್ದ ತರುಣನೊಬ್ಬನ ಪರಿಚಯ ಇವರಿಗಾಯಿತು. ಯಜಮಾನರು ಊರು ಬಿಟ್ಟು ಹೋದಾಗ ಉಳಿದ ನಾಯಿಗಳಿಗೆ ಆತ ಸಣ್ಣ ಆಶ್ರಯ ನಡೆಸುತ್ತಿದ್ದ. 2024ರ ಫೆಬ್ರುವರಿಯಲ್ಲಿ 18ರಿಂದ 35 ವರ್ಷದ ಗಂಡಸರಿಗೆ ಸೇನಾ ಸೇವೆಯನ್ನು ಕಡ್ಡಾಯಗೊಳಿಸುವ ಕಾನೂನು ಜಾರಿಯಾದ ನಂತರ, ಆತ ಹಗಲಲ್ಲಿ ಹೊರಗೆ ಬರುವುದೂ ಕಷ್ಟವಾಯಿತು.

ನಾಲ್ಕು ತಿಂಗಳಿಂದ ನಿದ್ದೆಯಿಲ್ಲ ಎಂದು ಸುಮಾ ನನ್ನ ಬಳಿ ಬಂದರು. ಅವರ ಫೋನಿನ ಪರದೆಯ ಮೇಲೆ ಎರಡು ಗಡಿಯಾರಗಳಿದ್ದವು. ಎರಡನೆಯದು ಒಂದು ಗಂಟೆ ಮುಂದಿತ್ತು. "ನಮಗೆ ನಾಲ್ಕಾದಾಗ ಅಲ್ಲಿ ಐದು. ಅವನು ನಾಯಿಗಳಿಗೆ ಅನ್ನ ಬೇಯಿಸೋಕೆ ಏಳೋ ಹೊತ್ತು. ನನಗೂ ಎಚ್ಚರ ಆಗ್ಬಿಡುತ್ತೆ, ಮೇಡಂ" ಎಂದರು. ನಡೆದದ್ದು ಇಷ್ಟು: ಒಮ್ಮೆ ಸುಮಾ ಕೃತಜ್ಞತೆಯಿಂದ, ಆಶ್ರಯದ ಫಲಕದ ಮುಂದೆ ನಿಂತಿದ್ದ ಆತನ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದರು. ಕೆಲವೇ ದಿನಗಳಲ್ಲಿ ಆತ ಮೌನವಾದ. ಮೂರು ವಾರಗಳ ಬಳಿಕ "ಚೆನ್ನಾಗಿದ್ದೇನೆ, ದಯವಿಟ್ಟು ಚಿತ್ರ ತೆಗೆಯಿರಿ" ಎಂದಷ್ಟೇ ಬರೆದ. ಮೌನಕ್ಕೆ ಕಾರಣವೇನೆಂದು ಹೇಳಲೇ ಇಲ್ಲ. ಅಂದಿನಿಂದ ಸುಮಾ ಸಂಬಳದ ಅರ್ಧದಷ್ಟನ್ನು ಅಲ್ಲಿಗಾಗಿ ತೆಗೆದಿಡತೊಡಗಿದರು. ಅದೂ ಸಾಲದೆ, ತಾಯಿಗೆ ತಿಳಿಸದೆ ಬಳೆಗಳನ್ನು ಅಡವಿಟ್ಟಿದ್ದರು.

ಇಂಥದ್ದನ್ನು ಕನಿಕರದ ದಣಿವು, ಅಂದರೆ ಇತರರ ನೋವಿಗೆ ಮಿಡಿದು ಮಿಡಿದು ಮನಸ್ಸು ಬಳಲುವುದು, ಎಂದು ಗುರುತಿಸಿಬಿಡುವುದು ಸುಲಭ. ನಾನು ಅಲ್ಲಿಂದ ಆರಂಭಿಸಲಿಲ್ಲ. ಪ್ರಾಣಿಗಳ ನೋವನ್ನು ಹತ್ತು ವರ್ಷ ತಾಳಿಕೊಂಡಿದ್ದ ಈ ಹೆಣ್ಣುಮಗಳನ್ನು ಈಗ ಕುಗ್ಗಿಸಿದ್ದು, ದಿನದಿನವೂ ಕ್ಷಮೆಯ ಸಾಕ್ಷಿ ಕೇಳುತ್ತಿದ್ದ ತಪ್ಪಿತಸ್ಥ ಭಾವ ಎಂದು ನನಗನ್ನಿಸಿತು. ಎರಡನೆಯ ಭೇಟಿಯಲ್ಲಿ, ಹಿಂದಿನ ದಿನ ಆತನಿಗೆ ಕಳಿಸಿದ ಸಂದೇಶಗಳನ್ನು ಗಟ್ಟಿಯಾಗಿ ಓದಲು ಹೇಳಿದೆ. ಹನ್ನೊಂದಿದ್ದವು. ಎಲ್ಲವೂ "ಹುಷಾರಾಗಿದ್ದೀಯಾ?" ಎಂಬುದರ ಬೇರೆ ಬೇರೆ ರೂಪಗಳು. ಏಳನೆಯದಕ್ಕೆ ಬರುವಷ್ಟರಲ್ಲಿ ಅವರ ದನಿ ನಿಂತಿತು. ಅಲ್ಲಿನ ತಪಾಸಣಾ ಠಾಣೆಗಳಲ್ಲಿ ಸೈನಿಕರು ಫೋನು ತೆರೆಸಿ ನೋಡುತ್ತಾರೆಂದು ಮೊದಲ ದಿನ ನನಗೆ ಹೇಳಿದವರು ಅವರೇ. "ಹಾಗಾದರೆ ಇವು ಯಾರಿಗೋಸ್ಕರ?" ಎಂದು ಕೇಳಿದೆ. "ನನಗೋಸ್ಕರ" ಎಂದು ಬಹಳ ಹೊತ್ತಿನ ಮೇಲೆ ಹೇಳಿ ಅತ್ತರು. ಆ ಪ್ರಶ್ನೆಯನ್ನು ಇನ್ನೊಂದೆರಡು ಭೇಟಿಗಳ ನಂತರ ಕೇಳಬೇಕಿತ್ತೇನೋ ಎಂದು ಈಗಲೂ ಯೋಚಿಸುತ್ತೇನೆ.

ನಾನು ಕೊಟ್ಟ ಮುಖ್ಯ ಸಲಹೆ, ಎಷ್ಟು ದಿನಕ್ಕೊಮ್ಮೆ, ಯಾವ ಮಾರ್ಗದಲ್ಲಿ ಮಾತಾಡಬೇಕೆಂಬುದನ್ನು ಆತನೇ ತೀರ್ಮಾನಿಸಲಿ, ಇವರು ಅದಕ್ಕೆ ಬದ್ಧರಾಗಿರಲಿ ಎಂಬುದು. ಅಪಾಯ ಎಷ್ಟೆಂದು ತಿಳಿದಿರುವುದು ಅಲ್ಲಿರುವವರಿಗೆ ಮಾತ್ರ. ಮುಖ, ಫಲಕ, ಬೀದಿಯ ಗುರುತು, ಚಿತ್ರದ ಕಡತದೊಳಗೇ ಅಡಗಿರುವ ಸ್ಥಳದ ಮಾಹಿತಿ, ಇವುಗಳಲ್ಲಿ ಯಾವುದೂ ಆತನ ಒಪ್ಪಿಗೆಯಿಲ್ಲದೆ ಹೊರಹೋಗಬಾರದೆಂದೂ ಹೇಳಿದೆ.

ಹಣದ ವಿಷಯದಲ್ಲಿ ನಾನು ಕಟುವಾಗಿಯೇ ಮಾತಾಡಬೇಕಾಯಿತು. 2022ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಒಂದು ಡಾಲರಿಗೆ 2,100 ಕ್ಯಾಟ್ (ಅಲ್ಲಿನ ನಾಣ್ಯ) ಎಂದು ದರ ಕಟ್ಟಿತ್ತು. ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಮೇಲಿತ್ತು, ಹಾಗಾಗಿ ಸರ್ಕಾರಿ ದರದಲ್ಲಿ ಕಳಿಸಿದ ಹಣ ಅಲ್ಲಿ ಕೈಗೆ ಸಿಗುವಾಗ ಕಡಿಮೆಯಾಗುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಕ್ರಮ ಹಣದ ವಹಿವಾಟಿನ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಮ್ಯಾನ್ಮಾರನ್ನು ಕಪ್ಪುಪಟ್ಟಿಗೆ ಸೇರಿಸಿದ್ದರಿಂದ ಬ್ಯಾಂಕುಗಳಲ್ಲಿ ನೂರೆಂಟು ಪ್ರಶ್ನೆಗಳು. ಹೀಗಾಗಿ ಸುಮಾ ಹುಂಡಿಯ, ಅಂದರೆ ಬ್ಯಾಂಕನ್ನು ಬಿಟ್ಟು ದಲ್ಲಾಳಿಗಳ ಮೂಲಕ ಹಣ ದಾಟಿಸುವ, ದಾರಿ ವಿಚಾರಿಸತೊಡಗಿದ್ದರು. ಅದು ವಿದೇಶಿ ವಿನಿಮಯ ಕುರಿತ 1999ರ ಫೆಮಾ ಕಾಯ್ದೆಗೆ ವಿರುದ್ಧವಷ್ಟೇ ಅಲ್ಲ, ಸಿಕ್ಕಿಬಿದ್ದರೆ ಜೈಲಿಗೆ ಹೋಗುವವನು ಅವನು ಎಂದೆ. ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಎಂಬುದನ್ನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಲಿಖಿತವಾಗಿ ಕೇಳಿ, ಒಡವೆ ಅಡವಿಡದೆ ಮೂರು ವರ್ಷ ಕೊಡಬಹುದಾದ ಮೊತ್ತವನ್ನಷ್ಟೇ ಗೊತ್ತುಮಾಡಿಕೊಳ್ಳಲು ತಿಳಿಸಿದೆ. ನಾಯಿಗಳ ಅನ್ನದ ಲೆಕ್ಕ ಮಾತ್ರವಲ್ಲ, ಆತ ಸ್ವತಃ ಊಟ ಮಾಡಿದನೇ ಎಂಬ ಲೆಕ್ಕವನ್ನೂ ಕೇಳಿ ಎಂದೆ. ಈ ಕೆಲಸದಲ್ಲಿರುವವರು ತಮಗಾಗಿ ಏನನ್ನೂ ಕೇಳುವುದಿಲ್ಲ.

ಬಳೆಗಳ ವಿಷಯವನ್ನು ತಾಯಿಗೆ ಹೇಳಬೇಕು, ರಾತ್ರಿ ಫೋನು ಅಡುಗೆಮನೆಯಲ್ಲಿರಬೇಕು, ತೀರ ತಾಳಲಾರದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು ಎಂದೂ ಒಪ್ಪಿಕೊಂಡರು.

ಆತನ ಉತ್ತರ ಬಂತು: ತಿಂಗಳಿಗೆ ಎರಡು ಸಲ, ತಾನೇ ಬರೆಯುತ್ತೇನೆ. ಹಣ ಕೇಳಿರಲಿಲ್ಲ. ಕಜ್ಜಿ ಹತ್ತಿದ ಮರಿಗಳಿಗೆ ತೂಕಕ್ಕೆ ತಕ್ಕಂತೆ ಔಷಧ ಎಷ್ಟೆಂದು ಪಶುವೈದ್ಯರನ್ನು ಕೇಳಿ ತಿಳಿಸಿದರೆ ಸಾಕು ಎಂದಿದ್ದ. ಆರನೆಯ ಭೇಟಿಗೆ ಸುಮಾ ಆ ಕಾಗದವನ್ನು ತಂದಿದ್ದರು. ಒಂದು ಕಿಲೋದಿಂದ ಹತ್ತು ಕಿಲೋವರೆಗೆ, ಸ್ಕೇಲು ಹಿಡಿದು ನೇರವಾಗಿ ಎಳೆದ ಕೋಷ್ಟಕ. ಬಳೆಯ ವಿಷಯ ತಿಳಿದು ಎರಡು ದಿನ ಮಾತು ಬಿಟ್ಟಿದ್ದ ತಾಯಿ, ಮೂರನೆಯ ದಿನ ಪಕ್ಕದಲ್ಲಿ ಕೂತು ಗೆರೆ ಎಳೆದುಕೊಟ್ಟರಂತೆ.