ಮಂಡಿ ತರಚಿದರೂ ಅಳದ ಮಗಳು

ಪ್ರಶ್ನೆ: ಮೂರು ವರ್ಷ ತುಂಬುವ ಹೊತ್ತಿಗೆ ಅನಾಥಾಲಯದಿಂದ ದತ್ತು ಪಡೆದ ನಮ್ಮ ಮಗಳಿಗೆ ಈಗ ಐದೂವರೆ. ಮನೆಗೆ ಯಾರೇ ಬರಲಿ, ಓಡಿಹೋಗಿ ಅವರ ತೊಡೆ ಏರುತ್ತಾಳೆ. ಬಿದ್ದು ಮಂಡಿ ತರಚಿದರೆ ಮಾತ್ರ ನನ್ನ ಬಳಿ ಬಾರದೆ, ರಕ್ತವನ್ನು ಫ್ರಾಕಿಗೆ ಒರೆಸಿಕೊಂಡು ಆಟಕ್ಕೆ ಮರಳುತ್ತಾಳೆ. ಶಿಸ್ತು ಬರಲೆಂದು ವಸತಿ ಶಾಲೆಗೆ ಸೇರಿಸೋಣ ಎನ್ನುತ್ತಾರೆ ಪತಿ. ಅವಳಿಗೆ ನಾನು ಅಮ್ಮನೋ, ಇನ್ನೊಬ್ಬ ಆಯಾಳೋ?

ಉತ್ತರ: ವಸತಿ ಶಾಲೆಯ ಮಾತನ್ನು ಮೊದಲು ಮುಗಿಸುತ್ತೇನೆ: ಬೇಡ. ಅವಳ ಪಾಲಿಗೆ ಅದು ಪಾಳಿಗೊಂದು ಹೊಸ ಮುಖ ಕಾಣುವ ಇನ್ನೊಂದು ಅನಾಥಾಲಯವೇ ಆದೀತು.

ನೀವು ತೊಡೆ ಏರುವುದನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಂಡಿದ್ದೀರಿ. ನನ್ನನ್ನು ಕಾಡಿದ್ದು ಆ ಮಂಡಿ. ಅತ್ತರೆ ಯಾರೋ ಬರುತ್ತಾರೆಂಬುದನ್ನು ಕೂಸು ಅನುಭವದಿಂದಲೇ ಕಲಿಯಬೇಕು. ಸಾಲು ತೊಟ್ಟಿಲುಗಳ ಕೋಣೆಯಲ್ಲಿ, ಹಾಲು, ಸ್ನಾನ, ನಿದ್ದೆ ಎಲ್ಲವೂ ಗಡಿಯಾರ ನೋಡಿ ನಡೆಯುವಾಗ, ಅಳುವಿಗೂ ಎತ್ತಿಕೊಳ್ಳುವ ಕೈಗೂ ನಂಟೇ ಇಲ್ಲದಿರುವುದರಿಂದ, ಮಗು ಕ್ರಮೇಣ ಅಳುವುದನ್ನೇ ಬಿಡುತ್ತದೆ. ನೋಡಲು ಬಂದವರು ಅದನ್ನೇ ‘ಎಷ್ಟು ಜಾಣೆ, ಹಟವೇ ಇಲ್ಲ’ ಎಂದು ಹೊಗಳುವುದೂ ಉಂಟು! ಆಯಾಗಳಿಗೆ ಪ್ರೀತಿಯಿರಲಿಲ್ಲ ಎಂದು ನಾನು ಹೇಳುತ್ತಿಲ್ಲ; ಅನೇಕ ಮಕ್ಕಳನ್ನು ನೋಡಿಕೊಳ್ಳುವ ಒಬ್ಬಳಿಗೆ ಇರುವುದು ಎರಡೇ ಕೈ. ಯಾರೇ ಬಾಗಿಲಲ್ಲಿ ಕಂಡರೂ ಅವರತ್ತ ಓಡುವುದು, ಸಿಕ್ಕಷ್ಟು ಅಕ್ಕರೆಯನ್ನು ಬಾಚಿಕೊಳ್ಳುವುದು, ಅಂಥ ಕಡೆ ಬದುಕುವ ಜಾಣ್ಮೆ.

1989ರಲ್ಲಿ ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಕುಸಿದಾಗ ಅಲ್ಲಿನ ಅನಾಥಾಲಯಗಳ ಮಕ್ಕಳ ಸ್ಥಿತಿ ಜಗತ್ತಿಗೆ ತಿಳಿಯಿತು. 2000ದಲ್ಲಿ ಅಲ್ಲಿನ ರಾಜಧಾನಿ ಬುಖಾರೆಸ್ಟ್‌ನಲ್ಲಿ ಆರಂಭವಾದ ಅಧ್ಯಯನವೊಂದು ಅಂಥ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆಯ್ದು ಸಾಕು ಕುಟುಂಬಗಳಿಗೆ ಒಪ್ಪಿಸಿತು. ಸುಮಾರು ಎರಡು ವರ್ಷ ತುಂಬುವುದರೊಳಗೆ ಸಾಕು ಮನೆ ಸೇರಿದ ಮಕ್ಕಳಲ್ಲಿ ಬಾಂಧವ್ಯ ಹೆಚ್ಚು ಚೆನ್ನಾಗಿ ಕುದುರಿತು. ನಿಮ್ಮ ಮಗಳು ತಡವಾಗಿ ಬಂದವಳು. ಹಾಗಾಗಿ ನಿಧಾನ ಸಹಜ. ಇನ್ನೊಂದು ಸಂಗತಿ ನಿಮಗೆ ಮುಖ್ಯ: ಸಾಕಿದವರನ್ನು ಹಚ್ಚಿಕೊಂಡ ಮಕ್ಕಳಲ್ಲೂ ಅಪರಿಚಿತರ ಬೆನ್ನು ಹತ್ತುವ ಅಭ್ಯಾಸ ಉಳಿದಿದ್ದುಂಟು. ಆದ್ದರಿಂದ ಅತಿಥಿಯ ತೊಡೆಯನ್ನು ನಿಮ್ಮ ತಾಯ್ತನದ ಅಳತೆಗೋಲು ಮಾಡಿಕೊಳ್ಳಬೇಡಿ.

ಅವಳು ಬಿದ್ದಾಗ ಕರೆಯಲೆಂದು ಕಾಯದೆ ನೀವೇ ಹೋಗಿ ನೆಲದ ಮೇಲೆ ಕುಳಿತುಕೊಳ್ಳಿ. ಗಾಯ ತೊಳೆಯುತ್ತಾ ‘ನೋವಾಯಿತಲ್ಲವೇ ಕಂದಾ, ನಾನಿದ್ದೇನೆ’ ಎನ್ನಿ. ಮೊದಮೊದಲು ಅವಳು ಕಾಲು ಎಳೆದುಕೊಂಡರೂ ಬೇಸರಿಸಬೇಡಿ. ಉಣಿಸುವುದು, ಮಲಗಿಸುವುದು ಆದಷ್ಟೂ ನೀವಿಬ್ಬರೇ ಮಾಡಿ. ಬಂದವರಿಗೆ ಮೊದಲೇ ಹೇಳಿಡಿ: ಎತ್ತಿಕೊಳ್ಳದೆ, ನಗುತ್ತಲೇ ಅವಳನ್ನು ನಿಮ್ಮತ್ತ ಕಳುಹಿಸಲಿ. ಬೀದಿಯಲ್ಲೂ ಅಪರಿಚಿತರ ಹಿಂದೆ ಹೊರಡುವಳಾದರೆ ಮಕ್ಕಳ ಮನೋತಜ್ಞರನ್ನು ಕಾಣುವುದು ತಡವಾಗಬಾರದು.

ಮುಂದೊಂದು ದಿನ ಸಣ್ಣ ಗೀರಿಗೇ ಅವಳು ಸೂರು ಹಾರುವಂತೆ ಅತ್ತು ನಿಮ್ಮನ್ನು ಬಿಡದೆ ತಬ್ಬಿಕೊಂಡರೆ, ಹಟ ಕಲಿತಳೆಂದು ನಿಮ್ಮವರು ಗಾಬರಿಯಾಗಬಹುದು. ಆಗ ಅವರಿಗೆ ಈ ಉತ್ತರವನ್ನು ತೋರಿಸಿ.