ಪ್ರತಿಕ್ರಿಯೆ: ಉಬುಂಟುವಿಗೆ ಬದಲಾದ ಮೇಲೆ ಹಳೆಯ ಕನ್ನಡ ಕಡತಗಳು ಓದಲಾಗುತ್ತಿಲ್ಲ

ತೊಂದರೆ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದ್ದಲ್ಲ, ಕಡತಗಳದ್ದು. ಬಸವನಗುಡಿಯ ನಿಮ್ಮ ಸಂಘ ವಿಂಡೋಸ್ ಬಿಟ್ಟು ಉಬುಂಟು ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಬಂದ ಮೇಲೆ ನಡಾವಳಿಗಳೆಲ್ಲ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ ಎಂದಿದ್ದೀರಿ. ಅವುಗಳನ್ನು ಎಲ್ಲ ಯಂತ್ರಗಳಿಗೂ ತಿಳಿಯುವ ಯೂನಿಕೋಡ್ ಸಂಕೇತದಲ್ಲಲ್ಲ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದ ಫಾಂಟ್‌ನಲ್ಲಿ, ಬೆರಳಚ್ಚು ಮಾಡಿರಬೇಕು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಕನ್ನಡವೇ ಅಲ್ಲ.

ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ. ಬಳಿಕ ಒಂದು ಕಡತ ತೆರೆದು, ಕೆಟ್ಟ ಸಾಲಿನ ಮೇಲೆ ಕರ್ಸರ್ ಇಟ್ಟು, ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ನೋಡಿ. ‘ನುಡಿ’ ಎಂದಿದ್ದರೆ ನನ್ನ ಊಹೆ ಸರಿ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟ್ ಆಗಿದ್ದರೆ ಪರಿವರ್ತಕವೇ ಬೇರೆ ಬೇಕು.

ನಂತರ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ. ಸದಸ್ಯರ ವಿಳಾಸ, ಬ್ಯಾಂಕ್ ಖಾತೆ ಇರುವ ಕಡತಗಳನ್ನು ಮಾತ್ರ ಯಾವುದೋ ಜಾಲತಾಣಕ್ಕೆ ಏರಿಸಲೇಬೇಡಿ. ನಿಮ್ಮ ಯಂತ್ರದಲ್ಲೇ ಓಡುವ ಮುಕ್ತ ಪರಿವರ್ತಕಗಳಿವೆ. ಪರದೇಶದ ಕಂಪನಿಯ ಹಂಗು ಬೇಡವೆಂದು ಹೊರಟವರು ದಾಖಲೆಗಳನ್ನು ಅಪರಿಚಿತರ ಸರ್ವರಿಗೆ ಒಪ್ಪಿಸಬಾರದು. ಪರಿವರ್ತನೆ ಮುಗಿದ ಮೇಲೆ ಅರ್ಕಾವತ್ತುಗಳನ್ನೂ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕಣ್ಣಿಟ್ಟು ತಿದ್ದಿ. ‘ಕಾರ್ಯದರ್ಶಿ’ ಒಂದರಲ್ಲೇ ಎರಡು ಕಡೆ ಎಡವಬಹುದು. ಕೋಷ್ಟಕಗಳು ಚದುರುವ ಸಾಧ್ಯತೆಯೂ ಇದೆ, ಆದ್ದರಿಂದ ಎರಡು ಮೂರು ಕಡತಗಳಲ್ಲಿ ಪರೀಕ್ಷಿಸಿ ಮುಂದುವರಿಯಿರಿ.

ತಿದ್ದಿದ್ದನ್ನು ಓಡಿಟಿ (ODT) ಎಂಬ ಮುಕ್ತ ಕಡತ ಮಾದರಿಯಲ್ಲಿ ಉಳಿಸಿ. ಅದು 2006ರಿಂದ ಅಂತರರಾಷ್ಟ್ರೀಯ (ಐಎಸ್‌ಒ) ಮಾನಕ, ಯಾವ ಕಂಪನಿಯ ಸ್ವತ್ತೂ ಅಲ್ಲ. ಹೊಸ ಬರವಣಿಗೆಗೆ ಉಬುಂಟುವಿನಲ್ಲಿ ಭಾಷೆಗಳ ಕೀಲಿಮಣೆ ಬದಲಿಸುವ ಸಾಧನವಾದ ಐಬಸ್‌ನಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ಆರಿಸಿಕೊಳ್ಳಿ. ನುಡಿಯದ್ದೂ ಅದೇ ವಿನ್ಯಾಸ, ಆದ್ದರಿಂದ ಅದರಲ್ಲಿ ಪಳಗಿದ ನಿಮ್ಮ ಬೆರಳಚ್ಚುಗಾರರು ಹೊಸದಾಗಿ ಕಲಿಯಬೇಕಿಲ್ಲ.